ಮುಖ ತಿರುಗಿಸಿ ಕುಡಿಯುವ ಪಾಠ

ಬರಿಗೈಯಲ್ಲಿ ಯಾರ ಮನೆಗೂ ಹೋಗಬಾರದು ಎಂಬುದು ಚಿಲ್‌ಸೊಂಗನ ಅರವತ್ತೇಳು ವರ್ಷದ ಬಾಳಿನಲ್ಲಿ ಒಂದು ದಿನವೂ ತಪ್ಪದ ನೇಮ. ಆದರೆ ಕುಡಿತ ಬಿಡಿಸುವ ಆಸ್ಪತ್ರೆಗೆ ಹೋಗುವಾಗ ಏನು ಒಯ್ಯಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬಸ್ ನಿಲ್ದಾಣದ ಪಕ್ಕದ ಅಂಗಡಿಯಲ್ಲಿ ಅವನು ಹತ್ತು ನಿಮಿಷದಿಂದ ಸುಮ್ಮನೆ ನಿಂತಿದ್ದ. ಸಾವಿಗೆ, ಮದುವೆಗೆ, ಮಗು ಹುಟ್ಟಿದ ನೂರನೆಯ ದಿನಕ್ಕೆ, ಹೊಸ ದೋಣಿ ನೀರಿಗಿಳಿಸುವ ದಿನಕ್ಕೆ, ಎಲ್ಲಕ್ಕೂ ಅವನ ಕೈ ತಾನಾಗಿಯೇ ಒಂದೇ ಕಪಾಟಿನ ಕಡೆ ಹೋಗಿ ರೂಢಿ. ಈಗಲೂ ಅತ್ತಲೇ ಹೋಯಿತು. ಹಸಿರು ಬಾಟಲಿಗಳ ಸಾಲು ಬೆರಳಿಗೆ ತಣ್ಣಗೆ ತಾಗಿದಾಗಷ್ಟೇ ತಾನು ಹೊರಟಿರುವುದು ಎಲ್ಲಿಗೆ ಎಂಬುದು ನೆನಪಾಗಿ, ಯಾರಾದರೂ ನೋಡಿದರೇನೋ ಎಂದು ಕೈಯನ್ನು ಜೇಬಿಗೆ ಹಾಕಿಕೊಂಡ. ಕೊನೆಗೆ, ಕಾಯಿಲೆಯವರನ್ನು ನೋಡಲು ಊರವರೆಲ್ಲ ಒಯ್ಯುವ ವಿಟಮಿನ್ ಪಾನಕದ ಪುಟ್ಟ ಬಾಟಲಿಗಳ ಡಬ್ಬಿಗಳನ್ನು ಎರಡು ತೆಗೆದ. ಅಂಗಡಿಯ ಹೆಂಗಸು ಬಾಯಿ ಬಿಟ್ಟೇಬಿಟ್ಟಳು. “ಯಾರಿಗೆ ಹುಷಾರಿಲ್ಲ, ಇಂಜಿನ್ ಸಾಹೇಬ್ರೇ?” ಮೂವತ್ತು ವರ್ಷ ದ್ವೀಪಗಳ ನಡುವೆ ಓಡುವ ದೋಣಿಯ ಇಂಜಿನ್ ಕೋಣೆಯಲ್ಲಿ ದುಡಿದವನನ್ನು ತೊಂಗ್ಯೊಂಗ್ ಬಂದರಿನಲ್ಲಿ ಈಗಲೂ ಎಲ್ಲರೂ ಹಾಗೆಯೇ ಕರೆಯುತ್ತಾರೆ. “ಯಾರಿಗೂ ಇಲ್ಲ. ಹಲ್ಲಿನ ಡಾಕ್ಟ್ರ ಹತ್ರ ಹೋಗ್ತಿದೀನಿ” ಎಂದ. “ಹಲ್ಲಿನ ಡಾಕ್ಟ್ರಿಗೆ ಎರಡು ಡಬ್ಬಿನಾ? ಅಯ್ಯೋ, ನಿಮ್ಮ ಬಾಯಲ್ಲಿ ಉಳಿದಿರೋ ಹಲ್ಲೇ ಅಷ್ಟಿಲ್ಲವಲ್ಲ!” ಅವಳು ನಕ್ಕಳು. ಅವನೂ ನಗಬೇಕಾಯಿತು.

ಬಸ್ಸು ಬಂದರನ್ನು ಬಳಸಿ ಗುಡ್ಡ ಏರುವಾಗ ಎರಡೂ ಡಬ್ಬಿಗಳನ್ನು ತೊಡೆಯ ಮೇಲಿಟ್ಟುಕೊಂಡು, ಅವುಗಳ ಮೇಲೆ ಅಳಿಯ ಕೊಟ್ಟ ಕಂದು ಲಕೋಟೆಯನ್ನು ಇಟ್ಟುಕೊಂಡು ಕೂತ. ಲಕೋಟೆಯಲ್ಲಿದ್ದುದು ಒಂದೇ ಒಂದು ಹಾಳೆ. ಕುಡಿತದವರನ್ನು ಅವರ ಇಷ್ಟಕ್ಕೆ ವಿರುದ್ಧವಾಗಿ ಬೀಗದ ವಾರ್ಡಿಗೆ ಸೇರಿಸಬೇಕಾದರೆ ಮನೆಯ ಇಬ್ಬರ ಸಹಿ ಬೇಕು. ಗಂಡನ ಸಹಿ ಆಗಲೇ ಬಿದ್ದಿತ್ತು. ತಂದೆಯ ಜಾಗ ಖಾಲಿ ಇತ್ತು. “ಎರಡೂ ಕಡೆ ನೋಡ್ಕೊಂಡು ಬನ್ನಿ ಮಾವನೋರೇ, ನೀವು ಯಾವುದು ಅಂತೀರೋ ಅದೇ ಸರಿ. ಆದ್ರೆ ನನ್ನ ಕೇಳಿದ್ರೆ ಬೀಗ ಇರೋದೇ ವಾಸಿ” ಎಂದಿದ್ದ ಅಳಿಯ ಗಿಬೊಮ್. ಹಡಗುಕಟ್ಟೆಯಲ್ಲಿ ಬೆಸುಗೆ ಕೆಲಸ ಮಾಡುವ ಗಟ್ಟಿ ಆಳು; ಆವತ್ತು ಮಾತ್ರ ನಿದ್ದೆಗೆಟ್ಟು ಅವನ ಕಣ್ಣು ಕೆಂಡವಾಗಿತ್ತು. “ಸ್ವಂತ ಮನಸ್ಸಿಂದ ಬಿಡೋಳಾಗಿದ್ರೆ ಹಬ್ಬದ ದಿನ ನಿಮ್ಮ ಕಣ್ತಪ್ಪಿಸಿ ಕುಡೀತಿದ್ಲಾ, ಹೇಳಿ?” ಕಣ್ತಪ್ಪಿಸಿ ಎಂಬ ಮಾತು ಬಂದಾಗ ಚಿಲ್‌ಸೊಂಗ್ ಕೆಮ್ಮಿದ್ದ. ಬೇಕಿಲ್ಲದಿದ್ದರೂ ಇನ್ನೊಂದು ಸಲ ಕೆಮ್ಮಿದ್ದ. ಈಗ ಬಸ್ಸಿನಲ್ಲಿ, ಕಿಟಕಿಯಾಚೆ ಸಿಂಪಿ ಸಾಕಣೆಯ ಬಿಳಿ ತೇಲುಗುಂಡುಗಳು ಸಾಲಾಗಿ ತೇಲುತ್ತಿರುವುದನ್ನು ನೋಡುತ್ತ ಅದೇ ಕೆಮ್ಮು ಮತ್ತೆ ಬಂತು.

ಯಾಕೆಂದರೆ ಅವಳು ಯಾರ ಕಣ್ಣನ್ನೂ ತಪ್ಪಿಸಿರಲಿಲ್ಲ. ಕೊಟ್ಟವನು ಅವನೇ, ಕೈಯಾರೆ. ಸುಗ್ಗಿಯ ಚುಸೊಕ್ ಹಬ್ಬದ ಬೆಳಿಗ್ಗೆ, ಹೊಸ ಅಕ್ಕಿಯ ಅನ್ನ, ಪೈನ್ ಎಲೆಯ ಮೇಲೆ ಬೇಯಿಸಿದ ಕಡುಬು, ಸಿಪ್ಪೆ ತೆಗೆದ ಪೇರು, ಒಣಮೀನು ಎಲ್ಲ ಸಾಲಾಗಿ ಜೋಡಿಸಿ, ಸತ್ತು ಮೂರು ವರ್ಷವಾದ ಹೆಂಡತಿಯ ಚಿತ್ರದ ಮುಂದೆ ಹಿತ್ತಾಳೆ ಬಟ್ಟಲಲ್ಲಿ ಅಕ್ಕಿಯ ಮದ್ಯ ಎಡೆಯಿಟ್ಟು, ತಂದೆಮಗಳು ಇಬ್ಬರೇ ಅಡ್ಡಬಿದ್ದು ಎದ್ದಿದ್ದರು. ಅಳಿಯ ತನ್ನ ಅಣ್ಣನ ಮನೆಗೆ ಒಬ್ಬನೇ ಹೋಗಿದ್ದ. ಸೊಸೆಯಾದವಳು ಹಬ್ಬಕ್ಕೆ ಗಂಡನ ಕಡೆ ಹೋಗುವುದು ವಾಡಿಕೆ. ಆದರೆ ಅಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಬಾಟಲಿಯ ಬಾಯಿ ಮುಚ್ಚುವುದಿಲ್ಲವೆಂದು, ಅಪ್ಪನ ಮನೆಯೇ ಕ್ಷೇಮವೆಂದು, ಅವನೇ ಹೆಂಡತಿಯನ್ನು ಇಲ್ಲಿಗೆ ಬಿಟ್ಟುಹೋಗಿದ್ದ. ಮಗಳು ದಾಸೊಲ್ ಆ ಹೊತ್ತಿಗೆ ನೂರ ನಲವತ್ತೇಳು ದಿನದಿಂದ ಒಂದು ಹನಿ ಮುಟ್ಟಿರಲಿಲ್ಲ. ಪೂಜೆ ಮುಗಿಯಿತು. ಎಡೆಯಿಟ್ಟದ್ದನ್ನು ಮನೆಮಂದಿ ಹಂಚಿಕೊಳ್ಳಬೇಕು, ಅದು ಸತ್ತವರ ಆಶೀರ್ವಾದ. ಅವನಪ್ಪ ಅವನಿಗೆ ಕೊಟ್ಟಿದ್ದ, ಅವನಜ್ಜ ಅವನಪ್ಪನಿಗೆ. ಬಟ್ಟಲು ಎತ್ತಿ ತಾನೊಂದು ಗುಟುಕು ಕುಡಿದು ಮಗಳತ್ತ ಚಾಚಿದ. ಆ ಹೊತ್ತಿನಲ್ಲಿ ಅದು ಹೆಂಡವೆಂದು ಅವನಿಗೆ ಹೊಳೆಯಲೇ ಇಲ್ಲ. ಅದು ಅವಳಮ್ಮ ಕೊಟ್ಟದ್ದು, ಪ್ರಸಾದ. ದಾಸೊಲ್ ಬಟ್ಟಲನ್ನು ನೋಡಿದಳು, ಅವನನ್ನು ನೋಡಿದಳು, ಅಮ್ಮನ ಚಿತ್ರವನ್ನು ನೋಡಿದಳು. ಆಮೇಲೆ ಎರಡೂ ಕೈಯಲ್ಲಿ ಇಸಿದುಕೊಂಡು, ಹಿರಿಯರ ಮುಂದೆ ಕುಡಿಯುವ ರೀತಿಯಲ್ಲಿ ಮುಖವನ್ನು ಪಕ್ಕಕ್ಕೆ ತಿರುಗಿಸಿ, ಕುಡಿದಳು. ಎಷ್ಟು ಚೆನ್ನಾಗಿ ಕಲಿತಿದ್ದಾಳೆ ಎಂದು ಅವನಿಗೆ ಹೆಮ್ಮೆಯಾಯಿತು. ಹೌದು, ಹೆಮ್ಮೆಯೇ ಆಯಿತು. ಬೇಲಿಯೇ ಎದ್ದು ಹೊಲ ಮೇಯ್ದದ್ದು ಗೊತ್ತಾದದ್ದು ಸಂಜೆಗೆ, ಮಗಳು ಬೆನ್ನುಚೀಲ ಹಾಕಿಕೊಂಡು ಅಂಗಡಿಗೆ ಹೋಗಿ ಬಂದಾಗ. ಇವತ್ತಿಗೆ ಎಂಟು ದಿನ. ಅವಳು ಅಪ್ಪನ ಮನೆಯ ಚಿಕ್ಕ ಕೋಣೆಯಿಂದ ಹೊರಗೆ ಬರುವುದು ಬಾತ್‌ರೂಮಿಗೆ, ಇಲ್ಲವೆ ಅಂಗಡಿಗೆ. ಗಂಡ ಬಂದು ಬೈದ, ಅತ್ತ, ಗೋಡೆಗೆ ಗುದ್ದಿದ. ಎಲ್ಲಿ ಶುರುವಾಯಿತು ಎಂದು ಅವಳು ಬಾಯಿ ಬಿಡಲಿಲ್ಲ. ಅಪ್ಪನೂ ಬಿಡಲಿಲ್ಲ.

ಆಸ್ಪತ್ರೆ ಹೊಸದಾಗಿತ್ತು, ಚೊಕ್ಕಟವಾಗಿತ್ತು, ನೆಲ ಎಷ್ಟು ಹೊಳೆಯುತ್ತಿತ್ತೆಂದರೆ ಅವನು ಬಾಗಿಲಲ್ಲೇ ಬೂಟಿನ ತಳವನ್ನು ಉಜ್ಜಿಕೊಂಡ. ಕೌಂಟರಿನ ಹುಡುಗಿ ಎದ್ದು ನಿಂತು ನಡು ಬಗ್ಗಿಸಿದಳು. “ಬನ್ನಿ ಅಪ್ಪಾಜಿ, ಕೂತ್ಕೊಳಿ. ಎಷ್ಟು ವರ್ಷದಿಂದ ತಗೊಳ್ತಿದೀರಾ?” ಚಿಲ್‌ಸೊಂಗ್ ಕಚೇರಿಯವರು ಕೇಳಿದ್ದಕ್ಕೆ ತಡಮಾಡದೆ ಉತ್ತರ ಹೇಳುವ ಕಾಲದ ಮನುಷ್ಯ. “ನಲವತ್ತೈದು ವರ್ಷ ಆಯ್ತಮ್ಮ” ಎಂದ. ಅವಳು ಬರೆದುಕೊಂಡಳು. “ದಿನಾನಾ?” “ದಿನಾ ಅಂದ್ರೆ… ರಾತ್ರಿ ಊಟದ ಜೊತೆ ಅಷ್ಟೆ. ಒಂದು ಬಾಟ್ಲಿ. ಚಳಿ ಇದ್ರೆ ಒಂದೂವರೆ.” “ಬೆಳಿಗ್ಗೆ ಕೈ ನಡುಗುತ್ತಾ ಅಪ್ಪಾಜಿ?” ಅವನು ಡಬ್ಬಿ ಹಿಡಿದಿದ್ದ ಕೈಯನ್ನು ನೋಡಿಕೊಂಡ. ಆಗ ಎಚ್ಚರವಾಯಿತು. “ನಾನಲ್ಲಮ್ಮ! ನನಗಲ್ಲ. ನನ್ನ ಮಗಳಿಗೆ.” ಹುಡುಗಿಯ ಮುಖ ಕೆಂಪೇರಿತು; ಮೂರು ಸಲ ಬಗ್ಗಿ ಕ್ಷಮೆ ಕೇಳಿ, ಬರೆದದ್ದನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದಳು. ಪರವಾಗಿಲ್ಲ, ಪರವಾಗಿಲ್ಲ ಎಂದ. ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುವುದು ಹೋಗಲಿ, ತಾನು ಕಾಯಿಯನ್ನೇ ಎತ್ತಿ ಅವಳ ಮೇಜಿನ ಮೇಲಿಟ್ಟಿದ್ದೆನಲ್ಲ ಎಂದು ನಾಚಿಕೆಯಾಯಿತು. ಹೊಡೆದುಹಾಕಿದ ಗೆರೆಯ ಕೆಳಗೆ ನಲವತ್ತೈದು ಎಂಬ ಅಂಕಿ ಇನ್ನೂ ಸ್ಪಷ್ಟವಾಗಿ ಕಾಣುತ್ತಿತ್ತು.

ವ್ಯವಸ್ಥಾಪಕ, ಪ್ಯೊ ಎಂಬಾತ, ಒಳ್ಳೆಯವನೇ. ಡಬ್ಬಿಯನ್ನು ಎರಡು ಕೈಯಲ್ಲಿ ತೆಗೆದುಕೊಂಡು, ಇದೆಲ್ಲ ಯಾಕೆ ತರಲು ಹೋದಿರಿ ಎಂದು ಉಪಚಾರ ಮಾಡಿ, ಮೇಲಿನ ಮಹಡಿಗೆ ಕರೆದೊಯ್ದು ದಪ್ಪ ಗಾಜಿನ ಆಚೆಯಿಂದ ವಾರ್ಡನ್ನು ತೋರಿಸಿದ. ಬಿಸಿಲು ಬೀಳುವ ಉದ್ದನೆಯ ಕೋಣೆ. ತಿಳಿನೀಲಿ ಅಂಗಿಯ ಹೆಂಗಸರು. ಒಬ್ಬಳು ಗೋಡೆಗೆ ಮುಖ ಮಾಡಿ ಕೂದಲು ಬಾಚಿಕೊಳ್ಳುತ್ತಿದ್ದಳು. ಬಾಚಣಿಗೆಯನ್ನು ನಿಧಾನಕ್ಕೆ, ಬುಡದಿಂದ ತುದಿಯವರೆಗೆ, ಮತ್ತೆ ಬುಡದಿಂದ. “ಮೂರು ತಿಂಗಳು, ಅಪ್ಪಾಜಿ. ಮೊದಲ ಎರಡು ವಾರ ಫೋನ್ ಇಲ್ಲ. ನಮ್ಮ ಡಾಕ್ಟ್ರು ತುಂಬ ಅನುಭವಸ್ಥರು, ಜೀವಕ್ಕೆ ಏನೂ ಆಗೋಕೆ ಬಿಡಲ್ಲ. ಗಾಡಿ ನಾವೇ ಕಳಿಸ್ತೀವಿ. ಬೆಳಿಗ್ಗೆ ಆರು ಗಂಟೆಗೆ ಬಂದ್ರೆ ಒಳ್ಳೇದು, ನಿದ್ದೆಗಣ್ಣಲ್ಲಿ ಗಲಾಟೆ ಕಡಿಮೆ. ನೀವು ಬಾಗಿಲು ತೆಗೀರಿ, ಅಷ್ಟೇ ನಿಮ್ಮ ಕೆಲಸ. ಆಮೇಲೆ ಅಡಿಗೆಮನೆಗೆ ಹೋಗಿಬಿಡಿ. ಮಗಳು ಅಪ್ಪಾ ಅಂತ ಕೂಗಬಹುದು. ಕೂಗಿದ್ರೂ ಹೊರಗೆ ಬರಬೇಡಿ. ಬಂದ್ರೆ ಇಬ್ಬರಿಗೂ ಕಷ್ಟ.” ಅವನು ಇದನ್ನು ನೂರು ಮನೆಯವರಿಗೆ ಹೇಳಿರಬೇಕು, ಆದರೂ ಹೇಳುವಾಗ ಕಣ್ಣು ತಗ್ಗಿಸಿದ. ಚಿಲ್‌ಸೊಂಗನಿಗೆ ಅಡಿಗೆಮನೆ ಕಣ್ಣ ಮುಂದೆ ಬಂತು. ಸಿಂಕಿನ ಮೇಲಿನ ಕಿಟಕಿ, ನೇತುಹಾಕಿದ ಬೆಳ್ಳುಳ್ಳಿ ಗೊಂಚಲು, ನಲ್ಲಿಯ ಸದ್ದಿನಲ್ಲಿ ಕೂಗು ಕೇಳಿಸದಿರಲಿ ಎಂದು ನೀರು ಬಿಟ್ಟುಕೊಂಡು ನಿಂತ ತಾನು.

ಅದೇ ಅಡಿಗೆಮನೆಯ ಬಾಗಿಲಲ್ಲಿ ನಿಂತು ದಾಸೊಲಳ ಅಮ್ಮ ಗೊಣಗಿದ್ದಳು: ಹೆಣ್ಣುಮಗಳಿಗೆ ಇದೆಲ್ಲ ಕಲಿಸಬೇಕಾ? ಹುಡುಗಿಗೆ ಆಗ ಹತ್ತೊಂಬತ್ತು, ಕಾಲೇಜಿಗೆ ಬೂಸಾನಿಗೆ ಹೊರಟವಳು. ಅವನು ಊಟದ ಮಣೆ ಎಳೆದುಕೊಂಡು ಎದುರು ಕೂರಿಸಿಕೊಂಡಿದ್ದ. ಕುಡಿಯೋದನ್ನ ಹಿರಿಯರ ಹತ್ರವೇ ಕಲೀಬೇಕು, ಬೀದೀಲಿ ಕಲಿತ್ರೆ ಕೆಟ್ಟೋಗ್ತಾರೆ. ಇದು ಅವನೊಬ್ಬನ ಮಾತಲ್ಲ, ಊರಿನ ಮಾತು. ಬಾಟಲಿ ಎರಡು ಕೈಯಲ್ಲಿ ಹಿಡಿ. ಹಿರಿಯರ ಲೋಟ ಖಾಲಿ ಬಿಡಬೇಡ. ತನ್ನ ಲೋಟಕ್ಕೆ ತಾನೇ ಸುರಿದುಕೊಳ್ಳಬೇಡ, ಅದು ದಿಕ್ಕಿಲ್ಲದವರ ಕೆಲಸ. ಕೊಟ್ಟರೆ ಬೇಡ ಅನ್ನಬೇಡ. ಕುಡಿಯುವಾಗ ಮುಖ ಈ ಕಡೆ ತಿರುಗಿಸು, ಹಾಂ, ಹಾಗೆ. ಮಗಳು ಕೆಮ್ಮಿ, ಕಣ್ಣಲ್ಲಿ ನೀರು ತುಂಬಿಕೊಂಡು ನಕ್ಕಿದ್ದಳು. “ಅಪ್ಪಾ, ಇದು ಇಷ್ಟು ಕಹಿ ಇರುತ್ತಾ? ಇದನ್ನ ದುಡ್ಡು ಕೊಟ್ಟು ಕುಡೀತೀಯಾ?” ಹದಿನೈದು ವರ್ಷವಾಯಿತು. ಮುಖ ತಿರುಗಿಸಿ ಕುಡಿಯಲು ಕಲಿಸಿದ್ದರಿಂದ ಕುಡಿಯುವಾಗಿನ ಮಗಳ ಮುಖವನ್ನು ತಾನು ಒಂದು ದಿನವೂ ನೋಡಿಲ್ಲ ಎಂಬುದು ಈ ಗಾಜಿನ ಮುಂದೆ, ಈ ನೀಲಿ ಅಂಗಿಯ ಬೆನ್ನುಗಳ ಮುಂದೆ ಅವನಿಗೆ ಹೊಳೆಯಿತು. ಪ್ಯೊ ಪೆನ್ನಿನ ಮುಚ್ಚಳ ತೆಗೆದು ಕೊಟ್ಟ. ಹಾಳೆಯಲ್ಲಿ ‘ಕಾರಣ’ ಎಂಬ ಜಾಗದಲ್ಲಿ ಅಳಿಯನ ದುಂಡಗಿನ ಅಕ್ಷರ: ‘ಮನೆಯವರು ಎಷ್ಟು ಕಾದರೂ ಕದ್ದು ಕುಡಿಯುತ್ತಾಳೆ.’ ಅದರ ಕೆಳಗೆ ಅವನ ಜಾಗ. ಪೆನ್ನಿನ ತುದಿ ಹಾಳೆಗೆ ಮುಟ್ಟಿ ಒಂದು ಚುಕ್ಕೆ ಮೂಡಿತು. “ಇನ್ನೊಂದು ಕಡೆ ನೋಡ್ಬೇಕು ಅಂತ ಅಳಿಯನಿಗೆ ಹೇಳಿದೀನಿ” ಎಂದ. “ಧಾರಾಳವಾಗಿ ನೋಡಿ ಅಪ್ಪಾಜಿ. ಆದ್ರೆ ಕುಡಿತ ಕಾಯಲ್ಲ” ಎಂದ ಪ್ಯೊ. ಅದೂ ಸುಳ್ಳಲ್ಲ.

ಎರಡನೆಯದು ಮೀನು ಮಾರುಕಟ್ಟೆಯ ಹಿಂದೆ ಇತ್ತು. ಹಿಂದೆ ದೋಣಿಗಳಿಗೆ ಮಂಜುಗಡ್ಡೆ ಮಾಡುತ್ತಿದ್ದ ಕಾರ್ಖಾನೆ. ಈಗ ಕುಡಿತ ಬಿಟ್ಟ, ಬಿಡುತ್ತಿರುವ ಆರೇಳು ಹೆಂಗಸರು ಒಟ್ಟಿಗಿರುವ ಮನೆ. ಊರವರು ಐಸ್ ಮನೆ ಎನ್ನುತ್ತಾರೆ. ಅದರ ಮುಂದೆ ಸಾವಿರ ಸಲ ಹಾದುಹೋಗಿದ್ದವನು ಇವತ್ತು ಒಳಗೆ ಕಾಲಿಡುವ ಮುಂಚೆ ಬೀದಿಯ ಎರಡೂ ತುದಿ ನೋಡಿಕೊಂಡ. ಯಾವ ಗಾಜೂ ಇಲ್ಲ, ಕೌಂಟರೂ ಇಲ್ಲ. ಶೀತಲ ಕೋಣೆಯ ಗೇಣು ದಪ್ಪದ ಬಾಗಿಲನ್ನು ಕಳಚಿ, ಕಾಲು ಹೊಡೆದು, ಊಟದ ಮೇಜು ಮಾಡಿಕೊಂಡಿದ್ದರು. ಅದರ ಸುತ್ತ ಕೂತು ನಾಲ್ವರು ಹೆಂಗಸರು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಅವರಲ್ಲಿ ಹಿರಿಯಳು, ಗಂಡುಕಟ್ಟಿನ, ಬಿಳಿ ಕ್ರಾಪಿನ ಓಕ್‌ಜಿನ್, ತಲೆ ಎತ್ತಿ ನೋಡಿ, “ಓ, ದೋಣಿಯ ಇಂಜಿನ್ ಸಾಹೇಬ್ರು! ನಿಮ್ಮ ದೋಣೀಲಿ ಎಷ್ಟು ಸಲ ವಾಂತಿ ಮಾಡಿದೀನಿ ಗೊತ್ತಾ? ಸಮುದ್ರದ ತಪ್ಪಲ್ಲ ಬಿಡಿ. ಕೂತ್ಕೊಳಿ, ಕೈ ಖಾಲಿ ಇದ್ಯಲ್ಲ, ಸುಲೀರಿ” ಎಂದು ಒಂದು ಹಿಡಿ ಬೆಳ್ಳುಳ್ಳಿಯನ್ನು ಅವನ ಮುಂದೆ ಸುರಿದಳು. ಅವನು ಡಬ್ಬಿ ಮುಂದಿಟ್ಟ. ಅವಳು ಉಪಚಾರದ ಮಾತು ಒಂದೂ ಆಡದೆ ಅದನ್ನು ಹರಿದು ಎಲ್ಲರಿಗೂ ಒಂದೊಂದು ಬಾಟಲಿ ಹಂಚಿದಳು. ಎಲ್ಲರೂ ಅವನ ಎದುರಿಗೇ, ನೆಟ್ಟಗೆ ಕೂತು, ಗಟಗಟ ಕುಡಿದರು.

ಬೆಳ್ಳುಳ್ಳಿ ಸುಲಿಯುತ್ತ ಅವನು ಸಿದ್ಧ ಮಾಡಿಕೊಂಡು ಬಂದಿದ್ದ ಪ್ರಶ್ನೆಗಳನ್ನು ಕೇಳಿದ. ಬೀಗ ಇದೆಯಾ? ಇಲ್ಲ. ಓಡಿಹೋದರೆ? “ಓಡಿಹೋಗ್ತಾರೆ. ನಾನೇ ಮೂರು ಸಲ ಓಡಿಹೋಗಿದೀನಿ. ತುಂಬ ಜನ ವಾಪಸ್ ಫೋನ್ ಮಾಡ್ತಾರೆ. ಎಲ್ಲರೂ ಮಾಡಲ್ಲ, ಸುಳ್ಳು ಯಾಕೆ ಹೇಳ್ಲಿ.” ಹಾಗಾದರೆ ಗುಡ್ಡದ ಆಸ್ಪತ್ರೆಯೇ… “ಅದನ್ನ ಬೈಬೇಡಿ. ನನ್ನ ಲಿವರ್ ಉಳಿಸಿದೋರು ಅಂಥಾ ಕಡೆಯೋರೇ. ಕೆಲವರಿಗೆ ಬೀಗವೇ ಜೀವ. ನಿಮ್ಮ ಮಗಳಿಗೆ ಮೈ ನಡುಕ, ಇಲ್ಲದ್ದು ಕಾಣೋದು ಅಂತೇನಾದ್ರೂ ಇದ್ರೆ ಮೊದಲು ಆಸ್ಪತ್ರೆ, ಆಮೇಲೆ ನಾವು. ಇದ್ಯಾ?” ಇಲ್ಲ, ಊಟ ಇಲ್ಲ, ನಿದ್ದೆ ಇಲ್ಲ, ಮಾತಿಲ್ಲ, ಅಷ್ಟೆ. “ನಿಮ್ಮದು ಕೊನೇ ಸಲ ಯಾವಾಗ?” ಅವನಿಗೆ ಪ್ರಶ್ನೆ ಅರ್ಥವಾಗಲಿಲ್ಲ. “ಮಗಳದಾ?” “ಮಗಳದಲ್ಲ ಸಾಹೇಬ್ರೇ, ನಿಮ್ಮದು.” “ನಿನ್ನೆ ಊಟದ ಜೊತೆ. ಎರಡೇ ಎರಡು ಲೋಟ.” “ಮಗಳು ಪಕ್ಕದ ಕೋಣೇಲಿ ಇದ್ದಾಗ?” ಪಕ್ಕದಲ್ಲಿದ್ದ ಕಿರಿಯ ಹೆಂಗಸು ಸುಲಿಯುವುದನ್ನು ನಿಲ್ಲಿಸಿದಳು. “ಸುರಿಯೋರು ಯಾರು ನಿಮಗೆ? ಮನೆಯೋರು ತೀರ್ಕೊಂಡಿದಾರೆ ಅಂತ ಕೇಳಿದೆ” ಎಂದಳು ಓಕ್‌ಜಿನ್.

ಹಬ್ಬದ ಹಿಂದಿನ ಸಂಜೆ. ಕಡುಬಿಗೆ ಹಿಟ್ಟು ಕಲಸಿ ಬಂದ ದಾಸೊಲ್ ಅವನ ಊಟದ ಮಣೆಯ ಮೇಲೆ ಹುರಿದ ಮೀನು ಇಟ್ಟು, ಖಾಲಿ ಲೋಟ ನೋಡಿ, ಸೋಜು ಮದ್ಯದ ಬಾಟಲಿ ಎತ್ತಿ ಎರಡು ಕೈಯಲ್ಲಿ ಸುರಿದಿದ್ದಳು. ನೂರ ನಲವತ್ತಾರನೆಯ ದಿನ. ಬಾಟಲಿಯ ಬಾಯಿ ಲೋಟದ ಅಂಚಿಗೆ ತಾಗಿ ಕಿಣಿಕಿಣಿ ಎಂದಿತ್ತು. ಚಳಿಗೆ ಕೈ ನಡುಗುತ್ತಿದೆ ಎಂದುಕೊಂಡು, ಹೀಟರ್ ಹಾಕಮ್ಮ ಎಂದಿದ್ದ. ಅವಳು ಎದ್ದು ಹೋಗಿ ಹೀಟರ್ ಹಾಕಿದ್ದಳು. ಈಗ ಬೆಳ್ಳುಳ್ಳಿಯ ಖಾರಕ್ಕೋ ಏನೋ ಅವನ ಕಣ್ಣು ಉರಿಯತೊಡಗಿತು. ಹಬ್ಬದ ಬೆಳಗಿನ ಮಾತು ಎಂಟು ದಿನದಿಂದ ಬಿಸಿ ತುಪ್ಪದಂತೆ ನುಂಗಲೂ ಆಗದೆ ಉಗುಳಲೂ ಆಗದೆ ಗಂಟಲಲ್ಲಿ ಕೂತಿತ್ತು. ಇವರಾರೂ ಅವನ ನೆಂಟರಲ್ಲ; ಬಹುಶಃ ಅದಕ್ಕೇ ಬಾಯಿ ಬಿಟ್ಟ. “ಅವಳು ಕದ್ದು ಕುಡೀಲಿಲ್ಲ. ಎಡೆ ಇಟ್ಟ ಬಟ್ಟಲು ಕೊಟ್ಟೋನು ನಾನು. ಅವರಮ್ಮನ ಪ್ರಸಾದ ಅಂತ. ನಾನೇ ಕೊಟ್ಟಿದ್ದು.” ಹೇಳಿ, ಛಾವಣಿ ಕಳಚಿ ಬೀಳಬಹುದೆಂಬಂತೆ ತಲೆ ತಗ್ಗಿಸಿದ. ಓಕ್‌ಜಿನ್ ಒಂದು ಎಸಳು ಸುಲಿದು ಬೋಗುಣಿಗೆ ಹಾಕಿದಳು. “ಹೂಂ. ನನಗೆ ನಮ್ಮತ್ತೆ ಕೊಟ್ಟಿದ್ದು” ಎಂದಳು. “ನಂಗೆ ದೊಡ್ಡಪ್ಪ” ಎಂದಳು ಇನ್ನೊಬ್ಬಳು. ಕಿರಿಯವಳು ಅವನತ್ತ ನೋಡಿ ತಲೆಯಾಡಿಸಿದಳು. “ಪ್ರತಿ ಸಲ ಹಬ್ಬ ಮುಗಿದ ವಾರ ಈ ಫೋನಿಗೆ ಬಿಡುವೇ ಇರಲ್ಲ ಸಾಹೇಬ್ರೇ” ಎಂದಳು ಓಕ್‌ಜಿನ್. “ ಸತ್ತೋರು ಪಾಪ ಒಂದು ಲೋಟ ನೀರು ಇಟ್ರೂ ಬೇಜಾರು ಮಾಡ್ಕೊಳಲ್ಲ. ಬದುಕಿರೋರಿಗೇ ಬೇಕು ಅದು.”

ಅವನು ಮೂಗು ಒರೆಸಿಕೊಂಡು ಲಕೋಟೆ ಮುಂದೆ ಮಾಡಿದ. “ಆಯ್ತು. ಇಲ್ಲಿಗೇ ಸೇರಿಸ್ತೀನಿ. ಎಲ್ಲಿ ಸಹಿ ಹಾಕ್ಲಿ?” ಓಕ್‌ಜಿನ್‌ಗೆ ನಗು ಬಂತು. “ನೀವು ಸೇರಿಸೋಕಾಗಲ್ಲ. ಇಲ್ಲಿ ಯಾವ ಸಹೀನೂ ನಡೆಯಲ್ಲ. ಅವಳೇ ಫೋನ್ ಮಾಡ್ಬೇಕು. ಕುಡಿದು ಮಾಡಿದ್ರೂ ಸರಿ, ಅತ್ಕೊಂಡು ಮಾಡಿದ್ರೂ ಸರಿ, ಹೆಸರು ಹೇಳಿ ಇಟ್ಬಿಟ್ರೂ ಸರಿ.” “ಮಾಡದಿದ್ರೆ?” “ಮಾಡದಿದ್ರೆ ಇಲ್ಲ.” ಇಡೀ ದಿನ ತಾನು ಆರಿಸುತ್ತಿದ್ದೇನೆ ಎಂದುಕೊಂಡಿದ್ದವನಿಗೆ, ತನ್ನ ಕೈಯಲ್ಲಿ ಏನೂ ಇಲ್ಲವೆಂದು ಕೇಳಿ ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಏನೋ ಹಗುರಾಯಿತು. “ನಿಮಗೆ ಮಾತ್ರ ಒಂದು ಕರಾರು ಇದೆ” ಎಂದಳು ಓಕ್‌ಜಿನ್, ಚೀಟಿಯೊಂದರ ಮೇಲೆ ಫೋನ್ ನಂಬರ್ ಗೀಚುತ್ತ. “ಶನಿವಾರ ಮಧ್ಯಾಹ್ನ ಮನೆಯೋರೆಲ್ಲ ಬಂದು ಈ ಮೇಜಿನ ಸುತ್ತ ಕೂರ್ತಾರೆ. ನೀವೂ ಬರ್ಬೇಕು. ಬಂದು ನಿಮ್ಮ ಕತೆ ಹೇಳ್ಬೇಕು. ಮಗಳ ಕತೆ ಅಲ್ಲ, ನಿಮ್ಮದು. ಎಷ್ಟು ವರ್ಷ ಆಯ್ತು ಕುಡಿಯೋಕೆ ಶುರು ಮಾಡಿ?” “ನಲವತ್ತೈದು” ಎಂದ ಚಿಲ್‌ಸೊಂಗ್. ಒಂದೇ ದಿನದಲ್ಲಿ ಎರಡನೆಯ ಸಲ. ಹೊರಡುವಾಗ ಅವಳು ಡಬ್ಬಿಯಲ್ಲಿ ಉಳಿದಿದ್ದ ಎರಡು ಬಾಟಲಿಗಳನ್ನು ಅವನ ಕೋಟಿನ ಎರಡು ಜೇಬಿಗೆ ತುರುಕಿದಳು.

ಬಂದರಿನ ಕಟ್ಟೆಯ ಮೇಲೆ, ದಪ್ಪ ಹಗ್ಗ ಸುತ್ತಿದ ಗೂಟದ ಪಕ್ಕ ನಿಂತು ಅಳಿಯನಿಗೆ ಫೋನ್ ಮಾಡಿದ. ಹಡಗುಕಟ್ಟೆಯ ಸುತ್ತಿಗೆ ಸದ್ದಿನ ನಡುವೆ ಗಿಬೊಮ್ ಕೂಗಿದ: “ಸಹಿ ಆಯ್ತಾ ಮಾವನೋರೇ?” “ಇಲ್ಲ. ಸ್ವಲ್ಪ ಸದ್ದಿಲ್ಲದ ಕಡೆ ಹೋಗಿ, ಅಳಿಯಂದ್ರೇ. ನಿಮ್ಮ ಹತ್ರ ಒಂದು ಮಾತು ಹೇಳೋದಿದೆ.” ಹೇಳಿದ. ಬಟ್ಟಲು, ಎಡೆ, ತಾನು ಚಾಚಿದ ಕೈ, ಎಂಟು ದಿನದ ಮೌನ, ಎಲ್ಲವನ್ನೂ. “ನಿಮ್ಮ ಮನೇನೇ ಕ್ಷೇಮ ಅಂತ ಬಿಟ್ಟಿದ್ದೆ” ಎಂದ ಗಿಬೊಮ್. ಧ್ವನಿ ಏರಲಿಲ್ಲ, ಏರಿದ್ದರೆ ಚೆನ್ನಾಗಿತ್ತು. “ಹೌದು” ಎಂದ ಚಿಲ್‌ಸೊಂಗ್. “ಎಂಟು ದಿನದಿಂದ ಅವಳನ್ನ ಸುಳ್ಳಿ, ಕಳ್ಳಿ ಅಂತ ಬಾಯಿಗೆ ಬಂದ ಹಾಗೆ ಬೈದಿದೀನಿ ಮಾವನೋರೇ. ಒಂದು ಸಲಾನಾದ್ರೂ ಅಪ್ಪ ಕೊಟ್ಟಿದ್ದು ಅನ್ನಬಾರದಿತ್ತಾ ಅವಳು?” “ನನ್ನ ಮರ್ಯಾದೆ ಉಳಿಸ್ತಿದ್ಲು. ಬೈಯೋದಿದ್ರೆ ನನ್ನ ಬೈರಿ.” “ನಿಮ್ಮನ್ನ ಹೇಗೆ ಬೈಲಿ, ಹಿರಿಯರು” ಎಂದ ಗಿಬೊಮ್, ಅಳುತ್ತಿದ್ದನೋ ಏನೋ. “ಬೈಬೇಕು ಅನ್ನಿಸ್ತಿದೆ. ನಿಜ ಹೇಳ್ತೀನಿ, ತುಂಬ ಅನ್ನಿಸ್ತಿದೆ.” ಆಮೇಲೆ, “ಆ ಇನ್ನೊಂದು ಜಾಗ ಹೇಗಿದೆ?” ಎಂದು ಕೇಳಿದ. “ಬಾಗಿಲು ಕಿತ್ತು ಮೇಜು ಮಾಡ್ಕೊಂಡಿದಾರೆ” ಎಂದ ಚಿಲ್‌ಸೊಂಗ್. “ಸಂಜೆ ಪಾಳಿ ಬಿಟ್ಟು ಬರ್ತೀನಿ” ಎಂದ ಅಳಿಯ.

ಮನೆ ಸೇರಿದಾಗ ಬಿಸಿಲು ಇನ್ನೂ ಅಂಗಳದಲ್ಲಿ ಹುಳಿ ಬರಿಸಲು ಇಟ್ಟ ಜಾಡಿಗಳ ಮೇಲಿತ್ತು. ಚಿಕ್ಕ ಕೋಣೆಯ ಬಾಗಿಲು ಅರೆ ತೆರೆದಿತ್ತು. ದಾಸೊಲ್ ಹಾಸಿಗೆ ಸುತ್ತಿ ಗೋಡೆಗೊರಗಿ ಕೂತಿದ್ದಳು, ತೊಳೆಯದ ಕೂದಲು, ಬಾತ ರೆಪ್ಪೆ. ಬಾಟಲಿಯೊಂದು ಮುಚ್ಚಳ ಬಿಚ್ಚದೆ ಮಂಡಿಯ ಪಕ್ಕದಲ್ಲಿತ್ತು. ಹಲ್ಲಿನ ಡಾಕ್ಟ್ರ ಹತ್ರ ಹೋಗಿದ್ದೆ ಎಂಬ ಮಾತು ಅವನ ನಾಲಿಗೆ ತುದಿಗೆ ಬಂದು ನಿಂತಿತು. ಹೊಸ್ತಿಲಲ್ಲೇ ನೆಲಕ್ಕೆ ಕೂತ. “ನಿನ್ನ ಗಂಡನಿಗೆ ಹೇಳ್ಬಿಟ್ಟೆ ಕಣೇ. ಕೊಟ್ಟೋನು ನಾನು ಅಂತ.” ಅವಳು ತಲೆ ಎತ್ತಿದಳು. “ಯಾಕಪ್ಪಾ ಹೇಳಿದೆ? ನೀನು ಬೇಕು ಅಂತ ಮಾಡಿದ್ದಲ್ಲ. ನಾನು ಬೇಡ ಅನ್ನಬಹುದಿತ್ತು.” “ಬೇಡ ಅನ್ನಬಾರದು ಅಂತ ಕಲಿಸಿದ್ದು ನಾನೇ ಅಲ್ವಾ? ತಪ್ಪು ಕಲಿಸ್ದೆ. ತಪ್ಪಾಯ್ತು ಕಣಮ್ಮ.” ತಪ್ಪಾಯ್ತು ಎಂದು ಅವನು ಮಗಳಿಗೆ ಹೋಗಲಿ, ಅವಳಮ್ಮನಿಗೂ ಬದುಕಿದ್ದಾಗ ಹೇಳಿರಲಿಲ್ಲ. ಲಕೋಟೆಯಿಂದ ಹಾಳೆ ತೆಗೆದು ಅವಳ ಮುಂದಿಟ್ಟ. ಅವಳು ಗಂಡನ ಅಕ್ಷರವನ್ನು ಓದಿದಳು, ಖಾಲಿ ಜಾಗದಲ್ಲಿದ್ದ ಒಂದು ಚುಕ್ಕೆಯನ್ನು ಬೆರಳಿನಿಂದ ಮುಟ್ಟಿದಳು. ಅದರ ಪಕ್ಕದಲ್ಲಿ ಅವನು ಓಕ್‌ಜಿನಳ ಚೀಟಿ ಇಟ್ಟ. “ಇದಕ್ಕೆ ನನ್ನ ಸಹಿ ನಡೆಯಲ್ಲವಂತೆ. ನೀನೇ ಮಾಡ್ಬೇಕಂತೆ. ಮಾಡು ಅಂತ ನಾನು ಹೇಳಲ್ಲ. ಶನಿವಾರ ಮಾತ್ರ ನಾನು ಹೋಗ್ತೀನಿ, ನೀನು ಇದ್ರೂ ಸರಿ, ಇಲ್ಲದಿದ್ರೂ ಸರಿ.” “ನೀನ್ಯಾಕೆ?” “ನಂದೂ ನಲವತ್ತೈದು ವರ್ಷದ ಕತೆ ಇದೆಯಂತೆ.”

ಆಮೇಲೆ ಜೇಬಿನ ಭಾರ ನೆನಪಾಗಿ, ವಿಟಮಿನ್ ಬಾಟಲಿ ತೆಗೆದು ಮುಚ್ಚಳ ತಿರುಗಿಸಿ ಮಗಳತ್ತ ಚಾಚಿದ. ಚಾಚಿದ ಮೇಲೆ ಅವನ ಕೈ ತಾನೇ ಬೆಚ್ಚಿತು. ಎಂಟು ದಿನದ ಹಿಂದೆಯೂ ಇದೇ ಕೈ, ಹೀಗೆಯೇ. ದಾಸೊಲ್ ಎರಡು ಕೈಯಲ್ಲಿ ಇಸಿದುಕೊಂಡಳು. ಬಾಯಿಗೆ ಎತ್ತುವಾಗ ಅವಳ ಕುತ್ತಿಗೆ ರೂಢಿಯಂತೆ ಗೋಡೆಯ ಕಡೆ ತಿರುಗಿತು. “ಏ ಹುಚ್ಚಿ, ಅದು ವಿಟಮಿನ್ ಕಣೇ. ಅದಕ್ಯಾಕೆ ಮುಖ ತಿರುಗಿಸ್ತೀಯಾ?” ಎಂದ. ಅವಳು ಹಾಗೆಯೇ ಒಂದು ಗಳಿಗೆ ತಡೆದು, ಗೋಡೆಗೆ ನಕ್ಕಳು. ನಗುವೆಂದರೆ ಮೂಗಿನಿಂದ ಬಂದ ಒಂದು ಉಸಿರು ಅಷ್ಟೆ. ಆಮೇಲೆ ಇತ್ತ ತಿರುಗಿ, ಅವನ ಎದುರಿಗೇ ಕುಡಿದಳು. ಕಣ್ಣು ಮುಚ್ಚಿಕೊಳ್ಳುತ್ತಾಳೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಚಿಕ್ಕವಳಿದ್ದಾಗ ಔಷಧಿ ಕುಡಿಸಿದರೆ ಹೀಗೆಯೇ ಹುಬ್ಬು ಗಂಟಿಕ್ಕಿ, ಮುಗಿದ ಮೇಲೆ ಶಭಾಷ್ ಅನ್ನಲಿ ಎಂದು ಕಣ್ಣು ಬಿಟ್ಟು ನೋಡುತ್ತಿದ್ದಳು. ಅದೇ ಮುಖ. ಇಷ್ಟು ವರ್ಷ ಗೋಡೆಗಳಿಗೆ ಮಾತ್ರ ಕಂಡ ಮುಖ. ಇನ್ನೊಂದು ಜೇಬಿನ ಬಾಟಲಿ ತೆಗೆದು ತಾನೂ ಕುಡಿದ. “ಥೂ, ಎಷ್ಟು ಸಿಹಿ” ಎಂದ. “ಇದನ್ನ ದುಡ್ಡು ಕೊಟ್ಟು ತಂದ್ಯಾ?” ಎಂದಳು ಮಗಳು.

ಊಟದ ಹೊತ್ತಾಯಿತೆಂದು ಅವನು ಅಡಿಗೆಮನೆಗೆ ಹೋದ. ಕೈ ಅಭ್ಯಾಸದಂತೆ ಫ್ರಿಜ್ಜಿನ ಬಾಗಿಲಿಗೆ ಹೋಯಿತು. ತೆಗೆದು, ಕಡಲಸೊಪ್ಪು ಎತ್ತಿಕೊಂಡು, ಬಾಟಲಿಯನ್ನು ನೋಡಿ, ಮುಚ್ಚಿದ. ನಾಳೆಯದು ಗೊತ್ತಿಲ್ಲ. ಸೊಪ್ಪು ನೆನೆಹಾಕಿ ಅಕ್ಕಿ ತೊಳೆಯತೊಡಗಿದ. ಚಿಕ್ಕ ಕೋಣೆಯಿಂದ ಫೋನಿನ ಗುಂಡಿ ಒತ್ತುವ ಸದ್ದು ಬಂತು, ನಿಂತಿತು, ಮತ್ತೆ ಮೊದಲಿನಿಂದ ಶುರುವಾಯಿತು. ಅವನು ನಲ್ಲಿ ನಿಲ್ಲಿಸಿ ಕಿವಿಗೊಟ್ಟ. “ಹಲೋ” ಎಂದಿತು ಮಗಳ ಒಡಕು ಧ್ವನಿ. “ನನ್ನ ಹೆಸರು… ದಾಸೊಲ್.” ಹೂಂ ಎಂದಳು. ಮತ್ತೊಮ್ಮೆ ಹೂಂ. ಬೆಳ್ಳುಳ್ಳಿ ಸುಲಿಯೋಕೆ ಬರುತ್ತೆ ಎಂದಳು. ಆಮೇಲೆ ಮನೆಯೆಲ್ಲ ಕೇಳುವಂತೆ ಕೂಗಿದಳು.

“ಅಪ್ಪಾ! ಅಲ್ಲಿಗೆ ಯಾವ ಬಸ್ಸು?”

ಅವನು ಒದ್ದೆ ಕೈಯಲ್ಲೇ ಅಡಿಗೆಮನೆಯಿಂದ ಹೊರಗೆ ಬಂದ.